ಮದ್ದು ಒಳ್ಳೆದೇ, ಕರಗುಸಿದ್ದು ವಿಷ

ಮೊನ್ನೆ ಪುಳ್ಳಿಗೆ ಸೆಮ್ಮದ ಮದ್ದು ತಂದಿತ್ತಿದ್ದೆ. ಕನ್ನಡ್ಕ ಮಡುಗಿ ಕುಪ್ಪಿಯ ಚೀಟಿ ಓದಿದೆ. ಮದ್ದಿನ ಹೆಸರಿನ ಕೆಳ ಸಣ್ಣ ಅಕ್ಷರಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಹೇಳಿಯೂ ಇತ್ತು.

"ಅದೆಂತಕೆ ಅಜ್ಜಾ, ನೀರು ಸಾಲದಾ?" ಕೇಳಿತ್ತು ಕೂಸು.

ಸಾಲ್ತಿಲ್ಲೆ. ನೀರಿನ ಅಣುಗೊ ಒಂದಕ್ಕೊಂದು ಗಟ್ಟಿ ಹಿಡ್ಕೊಂಡಿರ್ತವು. ಉಪ್ಪು, ಸಕ್ಕರೆ ಆದರೆ ಆ ಹಿಡಿತದ ಎಡೆಲಿ ಜಾಗೆ ಮಾಡಿಗೊಳ್ತು, ಕರ್ಪೂರಕ್ಕೆ ಎಡಿತ್ತಿಲ್ಲೆ. ಸುಮಾರು ಮದ್ದುಗಳೂ ಕರ್ಪೂರದ ಜಾತಿಯೇ. ನೀರಿಂಗೆ ಆಲ್ಕೋಹಾಲೋ ಗ್ಲೈಕಾಲೋ ಸೇರ್ಸಿರೆ ಹಿಡಿತ ಸಡ್ಲ ಆವುತ್ತು, ಮದ್ದು ಒಳ ಹೊಗುತ್ತು. ಪುನಾ ನೀರು ಜಾಸ್ತಿ ಎರದರೆ ಹೆರ ಬತ್ತು. ಡೆಟ್ಟಾಲಿಂಗೆ ನೀರು ಎರದಪ್ಪಗ ಹಾಲಿನ ಹಾಂಗೆ ಬೆಳಿ ಅಪ್ಪದು ಇದಕ್ಕೇ. ಅಜ್ಜಿ ಬಾಳಂತಿಗೊಕ್ಕೆ ಕೊಟ್ಟೊಂಡಿತ್ತ ದಶಮೂಲಾರಿಷ್ಟಲ್ಲೂ ಬೆಲ್ಲ, ಧಾತಕಿ ಹೂಗು ಹುಳಿಬಂದು ಅದರಷ್ಟಕ್ಕೇ ಆದ ಆಲ್ಕೋಹಾಲು ಇತ್ತು. (ಅಜ್ಜಿಯತ್ರೆ ಹೇಳಿದ್ದರೆ ಬೈಗಳೇ ಸಿಕ್ಕುತಿತು!)

ಈ ಕರಗುಸುತ್ತ ಕೆಲಸಲ್ಲೇ 1937ರಲ್ಲಿ ಅಮೇರಿಕಲ್ಲಿ ದೊಡ್ಡ ಅನಾಹುತ ಆತು. ಪೆನಿಸಿಲಿನ್ ಇನ್ನೂ ಬಾರದ್ದ ಕಾಲ. ಗೆಂಟ್ಲುಬೇನೆಗೆ ಸಲ್ಫನಿಲಮೈಡ್ ಮಾತ್ರೆ ಕೊಟ್ಟೊಂಡಿತ್ತವು. ಒಳ್ಳೆ ಮದ್ದೇ. ಆದರೆ ಮಕ್ಕೊಗೆ ನುಂಗುಲೆ ಕಷ್ಟ, ನೀರಿಲಿ ಸರಿಯಾಗಿ ಕರಗುತ್ತೂ ಇಲ್ಲೆ. ಟೆನೆಸಿಯ ಮ್ಯಾಸೆಂಗಿಲ್ ಕಂಪೆನಿಯ ಹೆರಾಲ್ಡ್ ವಾಟ್ಕಿನ್ಸ್ ಹೇಳ್ತ ರಸಾಯನ ತಜ್ಞ°, ಡೈಎಥಿಲೀನ್ ಗ್ಲೈಕಾಲಿಲಿ ಅದು ಚೆಂದಕೆ ಕರಗುತ್ತು ಹೇಳಿ ಕಂಡುಹಿಡುದ°. ನೀರು ರಜ್ಜ, ಗ್ಲೈಕಾಲು 100ಕ್ಕೆ 72 ಪಾಲು, ರಾಸ್ಪ್‌ಬೆರಿ ರುಚಿ. ಬಣ್ಣ, ಪರಿಮ್ಮಳ, ರುಚಿ ಎಲ್ಲ ನೋಡಿದವು. ಹೊಟ್ಟಗೆ ಹೋದರೆ ಎಂತಕ್ಕು ಹೇಳಿ ಒಂದು ಎಲಿಗೂ ಕೊಟ್ಟು ನೋಡಿದವಿಲ್ಲೆ. ನೋಡೆಕು ಹೇಳ್ತ ಕಾನೂನೇ ಇತ್ತಿಲ್ಲೆ.

ಕುಡುದವಕ್ಕೆ ಮೂತ್ರ ನಿಂದತ್ತು, ಕಿಡ್ನಿ ಹಾಳಾತು. 100ಕ್ಕೂ ಮಿಕ್ಕಿ ಜನ ಸತ್ತವು, ಅದರ್ಲಿ 34 ಮಕ್ಕೊ. ಆರು ವರ್ಷದ ಮಗಳ ಕಳಕ್ಕೊಂಡ ಒಂದು ಅಬ್ಬೆ ಅಧ್ಯಕ್ಷ ರೂಸ್‌ವೆಲ್ಟಂಗೇ ಕಾಗದ ಬರದತ್ತು. ಸರ್ಕಾರದವು ಮನೆಮನೆಗೆ ಹೋಗಿ ಕುಪ್ಪಿಗಳ ಹುಡ್ಕಿದವು. ಜಪ್ತಿ ಮಾಡುಲೆ ಸಿಕ್ಕಿದ ಕಾರಣ ಎಂತರ ಗೊಂತಿದ್ದಾ? "ಎಲಿಕ್ಸಿರ್" ಹೇಳಿರೆ ಆಲ್ಕೋಹಾಲು ಇರೆಕು, ಇದರ್ಲಿ ಇಲ್ಲೆ, ಹೆಸರು ತಪ್ಪು! ವಿಷ ಮಾರಿದ್ದು ತಪ್ಪು ಹೇಳುಲೆ ಕಾನೂನಿಲಿ ಜಾಗೆಯೇ ಇತ್ತಿಲ್ಲೆ. 1938ರಲ್ಲಿ ಹೊಸ ಕಾನೂನು ಬಂತು: ಮಾರುವ ಮದಲೇ ಮದ್ದಿಂದ ಅಪಾಯ ಇಲ್ಲೆ ಹೇಳಿ ತೋರ್ಸೆಕು.

ಅಷ್ಟಕ್ಕೇ ಮುಗುದ್ದಿಲ್ಲೆ. 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಲಿ ಇದೇ ಡೈಎಥಿಲೀನ್ ಗ್ಲೈಕಾಲ್ ಸೇರಿದ ಗ್ಲಿಸರಿನ್ ಕುಡುದು 14 ಜನ ಹೋದವು. ನೋಡುಲೆ ಗ್ಲಿಸರಿನ್ ಹಾಂಗೇ, ರುಚಿಯೂ ಸೀವು, ಕ್ರಯ ಮಾಂತ್ರ ಕಮ್ಮಿ.

ಕೂಸು ಕುಪ್ಪಿ ತಿರುಗುಸಿ, ಎಲ್ಲಿಯಾದರೂ "ಡೈ" ಇದ್ದಾ ಹೇಳಿ ಒಂದೊಂದೇ ಅಕ್ಷರ ಕೂಡ್ಸಿ ಓದಿತ್ತು. ಇತ್ತಿಲ್ಲೆ. ಕಲಬೆರಕೆ ಮಾಡ್ತವು ಚೀಟಿಲಿ ಬರೆತ್ತವಿಲ್ಲೆ ಹೇಳಿ ಆನು ಅದರತ್ರೆ ಹೇಳಿದ್ದಿಲ್ಲೆ.