ಮದುವೆ ಮೆಹಂದಿ ಕಪ್ಪಾದಷ್ಟೂ ಗಂಡನ ಪ್ರೀತಿ ಹೆಚ್ಚಂತೆ! ಹತ್ತೇ ನಿಮಿಷಕ್ಕೆ ಕಪ್ಪಾಗುವ ಕೋನ್‌ನಲ್ಲಿ ಏನಿರುತ್ತದೆ?

ಮದುವೆ ಸೀಸನ್ ಬಂತೆಂದರೆ ಈ ಮೆಸೇಜ್ ಮತ್ತೆ ಓಡಾಡಲು ಶುರುವಾಗುತ್ತದೆ: ಮದುಮಗಳ ಕೈಯ ಮೆಹಂದಿ ಎಷ್ಟು ಗಾಢವೋ ಗಂಡನ ಪ್ರೀತಿಯೂ ಅಷ್ಟೇ ಗಾಢ. ಕೆಲವು ಮನೆಗಳಲ್ಲಿ ಗಂಡನ ಬದಲು ಅತ್ತೆಯ ಪ್ರೀತಿ ಎನ್ನುತ್ತಾರೆ. ತಮಾಷೆಯ ಮಾತು, ಬಿಡಿ. ಆದರೆ ಬ್ರೈಡಲ್ ಎಕ್ಸ್‌ಪೋ ಸ್ಟಾಲ್‌ಗಳಲ್ಲಿ, ಜಾತ್ರೆಯ ಅಂಗಡಿಗಳಲ್ಲಿ ‘ಇನ್‌ಸ್ಟಂಟ್ ಬ್ಲ್ಯಾಕ್’ ಕೋನ್ ಮಾರಾಟವಾಗಲು ಇದೇ ಆಸೆ ಸಾಕು.

ಮೊದಲು ನಿಜವಾದ ಬಣ್ಣದ ವಿಚಾರ. ಗೋರಂಟಿ, ಅಂದರೆ ಕರಾವಳಿಯವರ ಮದರಂಗಿ ಗಿಡದ ಎಲೆಯಲ್ಲಿ ಲಾಸೋನ್ ಎಂಬ ಅಂಶವಿದೆ. ಎಲೆ ಅರೆದು ಸ್ವಲ್ಪ ನಿಂಬೆಹುಳಿ ಹಾಕಿಟ್ಟರೆ ಅದು ಹೊರಬಂದು ಚರ್ಮದ ಮೇಲ್ಪದರದ ಕೆರಾಟಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ. ಒಣಗಿದ್ದನ್ನು ಉದುರಿಸಿದಾಗ ಕಾಣುವುದು ಕಿತ್ತಳೆ ಬಣ್ಣ. ಗಾಳಿಯ ಆಮ್ಲಜನಕ ತಾಗಿ ಒಂದೆರಡು ದಿನದಲ್ಲಿ ಅದು ಕಡುಗೆಂಪಾಗುತ್ತದೆ. ಅಂಗೈ ಚರ್ಮ ದಪ್ಪ, ಅದಕ್ಕೇ ಅಲ್ಲಿ ಗಾಢ; ಮುಂಗೈಯಲ್ಲಿ ತೆಳು. ಕೈ ಬೆಚ್ಚಗಿದ್ದರೆ, ಹೆಚ್ಚು ಹೊತ್ತು ಬಿಟ್ಟರೆ ಇನ್ನಷ್ಟು ಚೆನ್ನಾಗಿ ಹಿಡಿಯುತ್ತದೆ. ಆದರೆ ಬರೀ ಗೋರಂಟಿಯಿಂದ ಇದ್ದಿಲಿನಂಥ ಕಪ್ಪು ಬರುವುದಿಲ್ಲ, ಅದೂ ಹತ್ತು ನಿಮಿಷದಲ್ಲಿ ಖಂಡಿತ ಇಲ್ಲ.

ಹಾಗಾದರೆ ಆ ಕಪ್ಪು ಎಲ್ಲಿಂದ ಬಂತು?

ಹೆಚ್ಚಾಗಿ ಪ್ಯಾರಾ-ಫಿನೈಲಿನ್‌ಡೈಅಮೈನ್ ಎಂಬ ರಾಸಾಯನಿಕದಿಂದ. ಚಿಕ್ಕದಾಗಿ ಪಿಪಿಡಿ. ಕೂದಲಿಗೆ ಹಾಕುವ ಕಪ್ಪು ಡೈನಲ್ಲಿ ಇರುವುದೂ ಇದೇ. ಯುರೋಪಿಯನ್ ಒಕ್ಕೂಟದಲ್ಲಿ ಕೂದಲಿಗೆ ಹಚ್ಚುವಾಗ ಇದು ಶೇ 2ನ್ನು ಮೀರುವಂತಿಲ್ಲ. ಚರ್ಮದ ಮೇಲೆ ಚಿತ್ರ ಬಿಡಿಸಲು ಅನುಮತಿಯೇ ಇಲ್ಲ. ಲ್ಯಾಬ್‌ನಲ್ಲಿ ಪರೀಕ್ಷಿಸಿದ ಕೆಲವು ಕಪ್ಪು ಮೆಹಂದಿಗಳಲ್ಲಿ ಶೇ 10ಕ್ಕೂ ಹೆಚ್ಚು ಸಿಕ್ಕಿದ್ದಿದೆ.

ಮದುಮಗಳು ಮೋಸಹೋಗುವುದು ಇಲ್ಲಿ. ಮದುವೆಗೆ ಎರಡು ತಿಂಗಳಿದೆ ಎನ್ನುವಾಗ ಎಕ್ಸ್‌ಪೋಗೆ ಹೋಗಿ ಟ್ರಯಲ್ ಹಾಕಿಸಿಕೊಳ್ಳುತ್ತಾಳೆ. ಏನೂ ಆಗುವುದಿಲ್ಲ, ‘ಸೇಫ್’ ಎಂದುಕೊಳ್ಳುತ್ತಾಳೆ. ಆದರೆ ಮೊದಲ ಸಲ ತಾಗಿದಾಗ ದೇಹದ ರೋಗನಿರೋಧಕ ವ್ಯವಸ್ಥೆ ಪಿಪಿಡಿಯನ್ನು ಶತ್ರುವೆಂದು ಗುರುತಿಟ್ಟುಕೊಂಡಿರಬಹುದು. ಹಾಗೆ ಗುರುತಿಟ್ಟುಕೊಂಡಿದ್ದರೆ ಎರಡನೇ ಸಲ ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ತುರಿಕೆ, ಊತ, ನೀರು ತುಂಬಿದ ಗುಳ್ಳೆ ಏಳುತ್ತವೆ. ಮದುವೆಗೆ ಎರಡು ದಿನ ಮೊದಲು ಹಚ್ಚಿಸಿಕೊಂಡರೆ ಲೆಕ್ಕ ಸರಿಯಾಗಿ ಮುಹೂರ್ತದ ದಿನಕ್ಕೇ ಬರುತ್ತದೆ! ಡಿಸೈನ್ ಇದ್ದ ಹಾಗೇ ಗಾಯದ ಕಲೆ ಉಳಿದವರೂ ಇದ್ದಾರೆ.

ಅಜ್ಜಿಯಂದಿರ ಪದ್ಧತಿಯೇ ಇಲ್ಲಿ ಸರಿ: ಎಲೆ ಅರೆದು ಹಚ್ಚಿ, ರಾತ್ರಿಯಿಡೀ ಬಿಟ್ಟು, ಬಣ್ಣ ಏರಲು ಎರಡು ದಿನ ಕೊಡುವುದು. ಡಿಸೈನ್ ಬೇಕೇ ಬೇಕೆಂದರೆ ಕಲಾವಿದೆಯನ್ನು ಎಕ್ಸ್‌ಪೋದಲ್ಲೇ ಹುಡುಕಿ, ತಪ್ಪೇನಿಲ್ಲ. ಕೋನ್‌ಗೆ ಏನೇನು ಹಾಕುತ್ತೀರಿ, ಎಷ್ಟು ಹೊತ್ತು ಇಡಬೇಕು, ಉದುರಿಸಿದಾಗ ಯಾವ ಬಣ್ಣ ಎಂದು ಕೇಳಿ. ‘ಎಲೆಪುಡಿ, ನಿಂಬೆ, ಸಕ್ಕರೆ, ನೀಲಗಿರಿ ಎಣ್ಣೆ; ನಾಲ್ಕೈದು ಗಂಟೆ; ಕಿತ್ತಳೆ’ ಎಂದರೆ ಅಡ್ವಾನ್ಸ್ ಕೊಡಬಹುದು. ‘ಹತ್ತು ನಿಮಿಷ, ಕಪ್ಪು’ ಎಂದರೆ ಬೇಡ. ತಾಜಾ ಗೋರಂಟಿ ಕೋನ್ ಹೊರಗಿಟ್ಟರೆ ಕೆಲವೇ ದಿನದಲ್ಲಿ ಸತ್ವ ಕಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಅಂಗಡಿಯಲ್ಲಿ ನೇತಾಡಿದರೂ ಗಾಢವಾಗಿ ಹಿಡಿಯುವ ಕೋನ್ ಮೇಲೆ ಅನುಮಾನ ಇರಲಿ.

ಹಸುಗೂಸುಗಳ ಕೈಗೆ ಮಾತ್ರ ಶುದ್ಧ ಗೋರಂಟಿಯೂ ಬೇಡ. ಜಿ6ಪಿಡಿ ಕಿಣ್ವದ ಕೊರತೆ ಇರುವವರಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು, ಮಗುವಿಗೆ ಆ ಕೊರತೆ ಇರುವುದು ಮನೆಯವರಿಗೆ ಗೊತ್ತೇ ಇರುವುದಿಲ್ಲ.

ಈಗಾಗಲೇ ಗುಳ್ಳೆ ಎದ್ದಿದ್ದರೆ ಟೂತ್‌ಪೇಸ್ಟ್, ಅರಿಶಿನ ಮೆತ್ತಬೇಡಿ. ತೊಳೆದು ಚರ್ಮದ ವೈದ್ಯರ ಹತ್ತಿರ ಹೋಗಿ. ಈ ಅಲರ್ಜಿ ಸಾಮಾನ್ಯವಾಗಿ ಜೀವನವಿಡೀ ಉಳಿಯುತ್ತದೆ. ಹಾಗಾಗಿ ಮುಂದೆ ಕೂದಲಿಗೆ ಡೈ ಹಾಕಿಸುವಾಗ ಪಾರ್ಲರ್‌ನವರಿಗೂ, ಬೆಂಜೋಕೇನ್‌ನಂಥ ಅರಿವಳಿಕೆ ಬಳಸಬೇಕಾಗಿ ಬಂದಾಗ ವೈದ್ಯರಿಗೂ ಇದನ್ನು ಮೊದಲೇ ಹೇಳಬೇಕು.