ಕೀಟಗಳಲ್ಲಿ ಮೊಟ್ಟೆಯಿಡುವ ತಾಣದ ಆಯ್ಕೆ

ಮೊಟ್ಟೆಯೊಡೆದು ಹೊರಬಂದ ಮರಿಹುಳು ಹೆಚ್ಚು ದೂರ ಹೋಗಲಾರದು. ಅದರ ಮೊದಲ ಊಟದ ತಾಣವನ್ನು ತಾಯಿಯೇ ಗೊತ್ತುಮಾಡಬೇಕು. ಹೆಣ್ಣು ಚಿಟ್ಟೆ ದೂರದಿಂದ ಎಲೆಯ ಬಣ್ಣ, ಆಕಾರ, ವಾಸನೆಗಳನ್ನು ಅನುಸರಿಸಿ ಬರುತ್ತದೆ. ಎಲೆಯ ಮೇಲೆ ಕುಳಿತು ಮುಂಗಾಲುಗಳಿಂದ ಬಡಿದು ರುಚಿ ನೋಡುತ್ತದೆ. ಅದರ ಪಾದಗಳಲ್ಲೇ ರುಚಿಗ್ರಾಹಕಗಳಿವೆ. ಕೋಸಿನ ಬಿಳಿ ಚಿಟ್ಟೆಯನ್ನು ಸಾಸಿವೆ ಕುಟುಂಬದ ಗ್ಲುಕೋಸಿನೊಲೇಟ್ ರಾಸಾಯನಿಕಗಳು ಮೊಟ್ಟೆಯಿಡಲು ಪ್ರಚೋದಿಸುತ್ತವೆ. ಉಳಿದ ಹಲವು ಕೀಟಗಳನ್ನು ದೂರವಿಡುವ ಗಿಡದ ರಕ್ಷಣೆಯೇ ಇದಕ್ಕೆ ಆಹ್ವಾನವಾಗಿರುವುದು ನಿಜಕ್ಕೂ ಬೆರಗಿನ ಸಂಗತಿ.

ಸ್ಪರ್ಧೆಯೂ ಲೆಕ್ಕಕ್ಕೆ ಬರುತ್ತದೆ. ಅಲಸಂದೆ, ಹೆಸರುಕಾಳುಗಳನ್ನು ಕೊರೆಯುವ ದುಂಬಿ ಈಗಾಗಲೇ ಮೊಟ್ಟೆ ಅಂಟಿರುವ ಕಾಳನ್ನು ಆದಷ್ಟು ಬಿಟ್ಟು ಖಾಲಿ ಕಾಳನ್ನು ಹುಡುಕುತ್ತದೆ. ಅಮೆರಿಕದ ಉಷ್ಣವಲಯದ ಹೆಲಿಕೋನಿಯಸ್ ಚಿಟ್ಟೆಗಳಿಗೂ ಇದೇ ಎಚ್ಚರ. ಕೆಲವು ಪ್ಯಾಶನ್ ಹಣ್ಣಿನ ಜಾತಿಯ ಬಳ್ಳಿಗಳು ಮೊಟ್ಟೆಯಂತೆ ಕಾಣುವ ಹಳದಿ ಗುಬುಟುಗಳನ್ನು ಬೆಳೆಸಿ ಈ ಚಿಟ್ಟೆಗಳನ್ನು ಹಿಂದಿರುಗಿಸುತ್ತವೆ.

ಈಡಿಸ್ ಸೊಳ್ಳೆ ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಒಣಗಿದರೂ ಅವು ತಿಂಗಳುಗಟ್ಟಲೆ ಬದುಕಬಲ್ಲವು. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಒಳಬದಿಯನ್ನು ಉಜ್ಜಿ ತೊಳೆಯಬೇಕು.

ಈ ಆಯ್ಕೆಯ ತಿಳಿವು ಕೃಷಿಗೂ ಒದಗಿದೆ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಕ್ರಮದಲ್ಲಿ ಎಲೆಕೋಸಿನ ಸಾಲುಗಳ ನಡುವೆ ಸಾಸಿವೆ ಬಿತ್ತುತ್ತಾರೆ. ಕೋಸನ್ನು ಕಾಡುವ ವಜ್ರಬೆನ್ನಿನ ಪತಂಗ ಅದಕ್ಕಿಂತ ಸಾಸಿವೆಯ ಮೇಲೆಯೇ ಹೆಚ್ಚು ಮೊಟ್ಟೆಯಿಡುತ್ತದೆ.