ಇಲ್ಲದ ಖಾತೆಯೂ ಸೊನ್ನೆ ಬಾಕಿಯೂ

ಕೋಡ್ ಬರೆಯುವವರೇ ತುಂಬಿರುವ ಸಭೆಯಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಒಬ್ಬ ಮಾತಾಡುವುದು ಸ್ವಲ್ಪ ಅಧಿಕಪ್ರಸಂಗವೇ. ಆದರೆ ಕೀ ಕೊಟ್ಟು ವ್ಯಾಲ್ಯೂ ಪಡೆಯುವ ವ್ಯವಹಾರ ಮೊದಲು ನಮ್ಮದು. ಕಿರ್ದಿಯಲ್ಲಿ ಬರೆದ ಪುಟಸಂಖ್ಯೆ ಹಿಡಿದು ಖಾತೆ ಪುಸ್ತಕ ತೆರೆಯುತ್ತಿದ್ದವರು ಮಾಡುತ್ತಿದ್ದುದೂ ಅದನ್ನೇ.

ಡಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಇಬ್ಬರೂ ಸೇರಿ 1979ರಲ್ಲಿ ಹೊರತಂದ ವಿಸಿಕ್ಯಾಲ್ಕ್‌ನಲ್ಲಿ ಲುಕಪ್ ಇತ್ತು. ಫ್ರಾಂಕ್‌ಸ್ಟನ್ ಅದನ್ನು ಸೇರಿಸಿದ್ದು ತಮ್ಮ ತೆರಿಗೆ ಲೆಕ್ಕಕ್ಕಾಗಿ. ತೆರಿಗೆ ಕೋಷ್ಟಕದಲ್ಲಿ ನಮ್ಮ ಆದಾಯದ ಮೊತ್ತವೇ ಬರೆದಿರುವುದಿಲ್ಲ. ಅದು ಯಾವ ಹಂತಕ್ಕೆ ಬೀಳುತ್ತದೆಂದು ನೋಡಬೇಕು. ಆದ್ದರಿಂದ ಕೇಳಿದ ಸಂಖ್ಯೆ ಸಿಗದಿದ್ದರೆ ಅದರ ಕೆಳಗಿನದನ್ನು ಕೊಡುವುದೇ ಅಲ್ಲಿ ಸರಿ. ಎಕ್ಸೆಲ್‌ನ ವಿಲುಕಪ್‌ನಲ್ಲಿ ನಾಲ್ಕನೆಯ ಆರ್ಗ್ಯುಮೆಂಟ್ ಬಿಟ್ಟರೆ ಇಂದಿಗೂ ಹೀಗೇ.

ಸ್ವೀಡಿಷ್ ಎಕ್ಸೆಲ್‌ನಲ್ಲಿ ವಿಲುಕಪ್‌ಗೆ 'ಲೇತಾರಾದ್' ಎಂದು ಹೆಸರು. ಅದೇ ಫೈಲನ್ನು ಬೆಂಗಳೂರಿನಲ್ಲಿ ತೆರೆದರೆ ವಿಲುಕಪ್ ಎಂದೇ ಕಾಣುತ್ತದೆ. ಹೆಸರಿನ ಅನುವಾದ ಸುಲಭ. ಹುಡುಕಿದ್ದು ಸಿಗದಿದ್ದರೆ ಇಲ್ಲಿ ಬರುವ ಎರರ್ 'ಸಾಕ್ನಾಸ್', ಅಂದರೆ ಕಾಣೆಯಾಗಿದೆ. (ಊರಿನ ನೆನಪು ಕಾಡುತ್ತಿದೆ ಎನ್ನಲು ಸ್ವೀಡಿಷರು ಬಳಸುವುದೂ ಇದೇ ಧಾತುವನ್ನು.)

ನಮ್ಮಲ್ಲಿ ಹಲವರಿಗೆ ಈಗ ಇಂಥ ಹಾಳೆಗಳನ್ನು ಪೈಥಾನ್‌ಗೋ, ಗೋ ಭಾಷೆಗೋ ತರುವ ಕೆಲಸ. ತೊಡಕಿರುವುದು ಆ 'ಕಾಣೆ'ಯಲ್ಲಿ. ಸ್ವೀಡನ್ನಿನಲ್ಲಿ 1976ರಿಂದ ಬಳಕೆಯಲ್ಲಿರುವ ಬಾಸ್ ಖಾತೆಪಟ್ಟಿಯಲ್ಲಿ 1930 ಎಂದರೆ ಬ್ಯಾಂಕ್ ಖಾತೆ. 1930 ಆದ ಮೇಲೆ 1940 ಇರುವ ಪಟ್ಟಿಯಲ್ಲಿ 1935 ಕೇಳಿ ನೋಡಿ. ನಾಲ್ಕನೆಯ ಆರ್ಗ್ಯುಮೆಂಟ್ ಇಲ್ಲದ ಲೇತಾರಾದ್ 1930ರ ಬಾಕಿಯನ್ನೇ ತಂದುಕೊಡುತ್ತದೆ. ಪೈಥಾನ್ ಡಿಕ್ಷನರಿ ಕೀಎರರ್ ಎಂದು ನಿಲ್ಲುತ್ತದೆ. 1986ರಿಂದ ಎರಿಕ್ಸನ್ ಪ್ರಯೋಗಾಲಯದಲ್ಲಿ ರೂಪುಗೊಂಡ ಎರ್ಲಾಂಗ್ ತನ್ನ ಮ್ಯಾಪ್‌ಗಳನ್ನು ಪಡೆದದ್ದು 2014ರಲ್ಲಿ. ಅವುಗಳ ಗೆಟ್ ಕೂಡ ಹಾಗೆಯೇ ನಿಲ್ಲುತ್ತದೆ. ಗೋ ಮಾತ್ರ ಸದ್ದಿಲ್ಲದೆ ಸೊನ್ನೆ ಕೊಡುತ್ತದೆ. ಸಿ++ ಮ್ಯಾಪ್ ಇನ್ನೂ ಉದಾರಿ: ಚೌಕಾವರಣದಲ್ಲಿ ಕೇಳಿದರೆ ಇಲ್ಲದ ಖಾತೆಯನ್ನು ತಾನೇ ತೆರೆದು ಸೊನ್ನೆ ತುಂಬಿಡುತ್ತದೆ. ಲೆಕ್ಕಿಗನಾಗಿ ನನಗೆ ಇದನ್ನು ಕಂಡರೆ ಭಯ.

ಸೊನ್ನೆ ಬಾಕಿ ಎಂದರೆ ಖಾತೆ ಇದೆ, ಕೊಡುವುದು ತೆಗೆದುಕೊಳ್ಳುವುದು ಸರಿಹೋಗಿದೆ. ಖಾತೆಯೇ ಇಲ್ಲ ಎಂದರೆ ಯಾರೋ ಸಂಖ್ಯೆ ತಪ್ಪು ಬರೆದಿದ್ದಾರೆ, ಹಣ ಬೇರೆಲ್ಲೋ ಕೂತಿದೆ. ವರದಿಯಲ್ಲಿ ಎರಡೂ ಒಂದೇ ಸೊನ್ನೆಯಾಗಿ ಕಂಡರೆ ಹುಡುಕುವವರು ಯಾರು? ಗೋದಲ್ಲಿ ಕೀ ಇತ್ತೇ ಎಂಬ ಎರಡನೆಯ ಉತ್ತರವೂ ಸಿಗುತ್ತದೆ, ಆದರೆ ನಾವು ಕೇಳಿಕೊಳ್ಳಬೇಕು.

ಕೋಡ್ ಬದಲಿಸುವ ಮುನ್ನ ಹಾಳೆ ಮಾಡಿದವರನ್ನು ವಿಚಾರಿಸಿ: ಇದು ತೆರಿಗೆ ಹಂತಗಳ ಕೋಷ್ಟಕವೋ, ಖಾತೆಗಳ ಪಟ್ಟಿಯೋ? ಮೊದಲನೆಯದಾದರೆ ಪೈಥಾನ್‌ನಲ್ಲಿ ಡಿಕ್ಷನರಿ ಸಾಲದು, ಬೈಸೆಕ್ಟ್ ಬೇಕು. ಎರಡನೆಯದಾದರೆ ಕೀ ಸಿಗದಾಗ ಪ್ರೋಗ್ರಾಂ ನಿಲ್ಲಲಿ, ನಮ್ಮಂಥವರಿಗೆ ಫೋನ್ ಬರಲಿ.